ಬೆರಳೊತ್ತಿನ ರೊಟ್ಟಿ

ಭೂಪಟವನ್ನು ನಾವು ನಕ್ಷೆಯೆನ್ನುತ್ತೇವೆ. ಬಾಗಿಲುವಾಡದ ಮೇಲಿನ ಕೆತ್ತನೆಯನ್ನು ನಕಾಶೆಯೆನ್ನುತ್ತೇವೆ. ಎರಡಕ್ಕೂ ಮೂಲ ಅರಬ್ಬೀ ಭಾಷೆಯ 'ನಕ್ಷ್' ಎಂಬ ಮಾತು. ಕೆತ್ತು, ಕೊರೆ ಎಂಬುದು ಅದರ ಅರ್ಥ. ಪಾರಸಿಯ ದಾರಿ ಹಿಡಿದು ಅದು ನಮ್ಮ ನುಡಿಗೆ ಬಂದಿತು. ಇದೇ ಧಾತುವಿನಿಂದ ಲೆಬನಾನಿನ ಜನ ತಮ್ಮ ಬೆಳಗಿನ ರೊಟ್ಟಿಗೆ ಹೆಸರು ಮಾಡಿಕೊಂಡಿದ್ದಾರೆ. ಅದು ಮನ್ಕೂಶೆ, ಒಂದಕ್ಕಿಂತ ಹೆಚ್ಚಾದರೆ ಮನಾಕೀಶ್. ರೊಟ್ಟಿಗೂ ಕೆತ್ತನೆಗೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ತಟ್ಟಿದ ಹಿಟ್ಟನ್ನು ಬೆರಳ ತುದಿಗಳಿಂದ ಒತ್ತಿ ಸಣ್ಣ ಸಣ್ಣ ಕುಳಿಗಳನ್ನು ಮಾಡುತ್ತಾರೆ. ಮೇಲೆ ಹಚ್ಚಿದ ಎಣ್ಣೆ ಹರಿದುಹೋಗದೆ ಆ ಕುಳಿಗಳಲ್ಲಿ ನಿಲ್ಲುತ್ತದೆ. ಹೆಸರು ಬಂದದ್ದು ಅದರಿಂದ.

ನಮಗೆ ಇಡ್ಲಿ ದೋಸೆಗಳು ಹೇಗೋ ಅವರಿಗೆ ಇದು ಹಾಗೆ. ಇದರ ಮೇಲೆ ಹಚ್ಚುವ ಸಾಮಗ್ರಿಗಳಲ್ಲಿ ಮುಖ್ಯವಾದದ್ದು ಜಾತರ್. ಅದು ತುಳಸಿ, ಪುದೀನಗಳ ಕುಟುಂಬಕ್ಕೆ ಸೇರಿದ ಬೆಟ್ಟದ ಗಿಡ. ಪರಿಮಳ ಹೆಚ್ಚುಕಡಮೆ ನಮ್ಮ ಓಮದ್ದು. ಒಣಗಿಸಿದ ಸೊಪ್ಪಿಗೆ ಹುರಿದ ಎಳ್ಳು, ಸುಮಾಕ್ ಎಂಬ ಹುಳಿಯಾದ ಕೆಂಪು ಹಣ್ಣಿನ ಪುಡಿ, ಉಪ್ಪು ಬೆರೆಸಿದರೆ ಆ ಮಿಶ್ರಣಕ್ಕೂ ಜಾತರ್ ಎಂದೇ ಹೆಸರು. ಅದನ್ನು ತಿಂದರೆ ಬುದ್ಧಿ ಚುರುಕಾಗುವುದೆಂದು ಪರೀಕ್ಷೆಗೆ ಹೊರಟ ಮಕ್ಕಳಿಗೆ ತಾಯಂದಿರು ತಿನ್ನಿಸುವುದುಂಟು. ಇನ್ನೊಂದು ಬಗೆ ಚೀಸಿನದು. ಅದಕ್ಕೆ ಒದಗುವ ಅಕ್ಕಾವಿ ಚೀಸಿನ ಹೆಸರು ಅಕ್ಕಾ ಎಂಬ ಹಳೆಯ ಬಂದರಿನಿಂದ ಬಂದದ್ದು.

ಹಿಂದೆ ಹಿಟ್ಟು ನಾದುತ್ತಿದ್ದುದು ಮನೆಯಲ್ಲಿ, ಸುಡುತ್ತಿದ್ದುದು ಕೇರಿಯ ಭಟ್ಟಿಯಲ್ಲಿ. ಆ ಭಟ್ಟಿಗೆ 'ಫುರ್ನ್' ಎಂದು ಹೆಸರು. ಹಳ್ಳಿಗಳಲ್ಲಿ ಬಾಣಲೆಯನ್ನು ಬೋರಲು ಹಾಕಿದಂತಿರುವ 'ಸಾಜ್' ಎಂಬ ಕಬ್ಬಿಣದ ಹೆಂಚೂ ಉಂಟು. ಮನೆಯಲ್ಲಿ ಕಲಸಿದ ಜಾತರನ್ನು ಬಟ್ಟಲಲ್ಲಿ ಒಯ್ದು ಭಟ್ಟಿಯವನಿಂದ ಹಚ್ಚಿಸಿಕೊಂಡು ಬರುವವರು ಇಂದಿಗೂ ಇದ್ದಾರೆ. ಬೆಂಕಿ ಊರಿಗೆಲ್ಲ ಒಂದೇ ಆದರೂ ರುಚಿ ಮನೆಮನೆಗೆ ಬೇರೆ.

ಆ ಸೀಮೆಯಲ್ಲಿ ರೊಟ್ಟಿಯ ಚರಿತ್ರೆ ಬಲು ಹಳೆಯದು. ಜೋರ್ಡಾನಿನ ಮರುಭೂಮಿಯ ಶುಬೈಕಾ ಎಂಬಲ್ಲಿ ಪ್ರಾಚೀನ ಒಲೆಯ ಬೂದಿಯೊಳಗೆ ಸೀದ ರೊಟ್ಟಿಯ ತುಣುಕುಗಳು ದೊರೆತುವೆಂದು 2018ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅವುಗಳ ವಯಸ್ಸು ಸುಮಾರು 14,400 ವರ್ಷ. ಬೇಸಾಯ ಹುಟ್ಟುವುದಕ್ಕೂ ಸುಮಾರು 4,000 ವರ್ಷ ಮುಂಚೆಯೇ ಅಲ್ಲಿನವರು ಕಾಡುಧಾನ್ಯ ಬೀಸಿ ರೊಟ್ಟಿ ಸುಟ್ಟಿದ್ದರು.

ಇಂತಹ ನಾಡಿಗೂ ರೊಟ್ಟಿಯಿಲ್ಲದ ಕಾಲವೊಂದು ಬಂದಿತು. ಒಂದನೆಯ ಮಹಾಯುದ್ಧದ ಹೊತ್ತಿಗೆ ಲೆಬನಾನಿನ ಬೆಟ್ಟಗಳಲ್ಲಿ ಗೋಧಿಗಿಂತ ಹಿಪ್ಪುನೇರಳೆಯೇ ಹೆಚ್ಚು. ರೇಷ್ಮೆಯನ್ನು ಫ್ರಾನ್ಸಿಗೆ ಮಾರಿ, ಧಾನ್ಯವನ್ನು ಹೊರಗಿನಿಂದ ಕೊಳ್ಳುವುದು ಅಲ್ಲಿನ ಬದುಕು. ಯುದ್ಧದಿಂದ ರೇಷ್ಮೆಯ ಪೇಟೆ ಮುಚ್ಚಿತು. ಮಿತ್ರರಾಷ್ಟ್ರಗಳ ಹಡಗುಗಳು ಕಡಲನ್ನು ಕಟ್ಟಿದುವು. ಆಳುತ್ತಿದ್ದ ಆಟೋಮನ್ ತುರ್ಕರು ಧಾನ್ಯದ ಸಾಗಾಟವನ್ನು ಬಿಗಿಹಿಡಿದರು. ಸಾಲದುದಕ್ಕೆ 1915ರಲ್ಲಿ ಮಿಡತೆಯ ದಂಡು ಬಂದು ಹಸುರನ್ನೆಲ್ಲ ಮೇಯ್ದು ಹೋಯಿತು. 1918ರ ಹೊತ್ತಿಗೆ ಹಸಿವಿನಿಂದಲೂ ರೋಗದಿಂದಲೂ ಸತ್ತವರು ಸುಮಾರು ಎರಡು ಲಕ್ಷವೆಂದು ಅಂದಾಜು. ಆ ಬೆಟ್ಟದಲ್ಲೇ ಹುಟ್ಟಿ ಅಮೆರಿಕ ಸೇರಿದ್ದ ಕವಿ ಖಲೀಲ್ ಗಿಬ್ರಾನ್ ಆಗ ಪರಿಹಾರ ಸಮಿತಿಯೊಂದರ ಕಾರ್ಯದರ್ಶಿಯಾಗಿ ದುಡಿದನು.

ಶತಮಾನ ಕಳೆದ ಮೇಲೂ ಭಯ ತಪ್ಪಲಿಲ್ಲ. 2020ರ ಆಗಸ್ಟ್ 4ರಂದು ಬೇರೂತ್ ಬಂದರಿನಲ್ಲಿ ಆದ ಮಹಾಸ್ಫೋಟದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು; ದೇಶದ ದೊಡ್ಡ ಧಾನ್ಯದ ಕಣಜವೂ ಹಾಳಾಯಿತು. ಗೋಧಿಯ ಬಹುಪಾಲು ಬರುತ್ತಿದ್ದುದು ಉಕ್ರೇನಿನಿಂದ. 2022ರಲ್ಲಿ ಅಲ್ಲಿಯೂ ಯುದ್ಧ. ರೊಟ್ಟಿಯಂಗಡಿಗಳ ಮುಂದೆ ಜನ ಸಾಲುಗಟ್ಟಿದರು. ಮರುವರ್ಷ, 2023ರಲ್ಲಿ, ಯುನೆಸ್ಕೋ ಸಂಸ್ಥೆ ಮನ್ಕೂಶೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಸಿವನ್ನು ಕಂಡ ನಾಡಿಗೆ ಇದು ಬರಿಯ ತಿಂಡಿಯ ಬಿರುದಾಗಿ ತೋರಿರಲಾರದು.

ನಮ್ಮ ಮನೆಗಳಲ್ಲಿ ಇದನ್ನು ಮಾಡುವುದು ಕಷ್ಟವೇನಲ್ಲ. ಅರ್ಧ ಕಿಲೋ ಮೈದಾಹಿಟ್ಟಿಗೆ ಒಂದೊಂದು ಸಣ್ಣ ಚಮಚ ಒಣ ಯೀಸ್ಟ್ ಮತ್ತು ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ, ಸುಮಾರು 300 ಮಿಲಿಲೀಟರ್ ಉಗುರುಬೆಚ್ಚಗಿನ ನೀರು ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಒದ್ದೆಬಟ್ಟೆ ಮುಚ್ಚಿಟ್ಟರೆ ಒಂದು ಒಂದೂವರೆ ಗಂಟೆಯಲ್ಲಿ ಹಿಟ್ಟು ಇಮ್ಮಡಿಯಾಗಿ ಉಬ್ಬುತ್ತದೆ. ಆರು ಉಂಡೆ ಮಾಡಿ ಚಪಾತಿಗಿಂತ ದಪ್ಪವಾಗಿ ಲಟ್ಟಿಸಿ, ಬೆರಳುಗಳಿಂದ ಒತ್ತಿ, ಆಲಿವ್ ಎಣ್ಣೆಯಲ್ಲಿ ಕಲಸಿದ ಜಾತರನ್ನು ಹಚ್ಚಬೇಕು. ಚೆನ್ನಾಗಿ ಕಾದ ಓವನ್ನಿನಲ್ಲಿ ಎಂಟು ಹತ್ತು ನಿಮಿಷ ಸಾಕು. ಓವನ್ ಇಲ್ಲದವರು ದಪ್ಪ ಕಬ್ಬಿಣದ ಕಾವಲಿಯ ಮೇಲೆ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬಹುದು. ಅಕ್ಕಾವಿ ಚೀಸು ದೊರೆತರೆ ನೀರಿನಲ್ಲಿ ನೆನೆಯಿಟ್ಟು ಉಪ್ಪನ್ನು ಇಳಿಸಿ ಹಾಕಬೇಕು. ಸಿಕ್ಕದಿದ್ದರೆ ಮೊಜರೆಲ್ಲಾ ಚೀಸಿಗೆ ಪುಡಿಮಾಡಿದ ಪನೀರನ್ನೂ ಚಿಟಿಕೆ ಉಪ್ಪನ್ನೂ ಬೆರೆಸಿದರೆ ನಡೆಯುತ್ತದೆ. ಪುದೀನ, ಸೌತೆ, ಟೊಮೆಟೊಗಳನ್ನಿಟ್ಟು ಮಡಿಸಿ, ಬಿಸಿಬಿಸಿಯಾಗಿ ತಿನ್ನತಕ್ಕದ್ದು.

ಎಷ್ಟು ಅವಸರವಿದ್ದರೂ ಬೆರಳೊತ್ತುವುದನ್ನು ಮಾತ್ರ ಬಿಡಬಾರದು. ಬಿಟ್ಟರೆ ಎಣ್ಣೆ ಅಂಚಿನಿಂದ ಹರಿದುಹೋಗುತ್ತದೆ. ರೊಟ್ಟಿಗೆ ಆ ಹೆಸರೂ ಸಲ್ಲುವುದಿಲ್ಲ.