ಮರದಡಿಯ ವಜ್ರಪರೀಕ್ಷಕರು



ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಪ್ರತಿದಿನ ಮುಂಜಾನೆ ಪುಸ್ತಕದ ಚೀಲ ಹೊತ್ತು ಶಾಲೆ, ಕಾಲೇಜುಗಳತ್ತ ಹೊರಟ ಹುಡುಗ ಹುಡುಗಿಯರನ್ನು ಕಾಣುತ್ತೇವೆ. ಹದಿನೇಳನೆಯ ಶತಮಾನದಲ್ಲಿ ಈ ಸೀಮೆ ವಿಜಾಪುರದ ಆದಿಲಶಾಹಿ ಅರಸರ ಆಳ್ವಿಕೆಗೆ ಸೇರಿತ್ತು. ಅದೇ ರಾಜ್ಯದ ಇನ್ನೊಂದು ಮೂಲೆಯಲ್ಲಿ, ಇವರದೇ ವಯಸ್ಸಿನ ಹುಡುಗರು ದಿನವೂ ಮುಂಜಾನೆ ಬೇರೊಂದು ಬಗೆಯ ಚೀಲ ಕಟ್ಟಿಕೊಂಡು ಹೊರಡುತ್ತಿದ್ದರು. ಅದರಲ್ಲಿದ್ದದ್ದು ವಜ್ರ ತೂಗುವ ಸಣ್ಣ ಸಣ್ಣ ತೂಕದ ಕಲ್ಲುಗಳು.

ಈ ಸಂಗತಿಯನ್ನು ದಾಖಲಿಸಿದವನು ಫ್ರಾನ್ಸಿನ ರತ್ನವ್ಯಾಪಾರಿ ಟ್ಯಾವರ್ನಿಯೆ (1605–1689). ಅವನ ಪ್ರವಾಸಕಥನ 1676ರಲ್ಲಿ ಪ್ರಕಟವಾಯಿತು. ಆ ಕಾಲದಲ್ಲಿ ಜಗತ್ತಿನ ವಜ್ರಗಳು ಬಹುಮಟ್ಟಿಗೆ ನಮ್ಮ ದೇಶದಿಂದಲೇ ಹೋಗುತ್ತಿದ್ದವು. ಬ್ರೆಜಿಲ್‌ನ ಗಣಿಗಳು ಬೆಳಕಿಗೆ ಬಂದದ್ದು 1720ರ ದಶಕದಲ್ಲಿ, ದಕ್ಷಿಣ ಆಫ್ರಿಕಾದ ವಜ್ರ ದೊರೆತದ್ದು 1867ರಲ್ಲಿ. ವಿಜಾಪುರದಿಂದ ಎಂಟು-ಒಂಬತ್ತು ದಿನಗಳ ಹಾದಿಯಲ್ಲಿದ್ದ 'ರಾವೊಲ್ಕೊಂಡ' ಎಂಬ ಗಣಿಗೆ ಟ್ಯಾವರ್ನಿಯೆ ಹೋಗಿದ್ದನು. ಇಂದಿನ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ರಾಮಳ್ಳಕೋಟವೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ.

ಆ ಊರ ಬಯಲಿನ ದೊಡ್ಡ ಮರದ ಕೆಳಗೆ ಹತ್ತರಿಂದ ಹದಿನಾರು ವರ್ಷದ ಹುಡುಗರು ಬಂದು ಕುಳಿತುಕೊಳ್ಳುತ್ತಿದ್ದರು. ಕೆಲವರ ಸೊಂಟದ ಚೀಲದಲ್ಲಿ 600 ವರಹಗಳವರೆಗೂ ಹಣವಿರುತ್ತಿತ್ತು. ಮಾರುವವರು ವಜ್ರ ತಂದರೆ ಮೊದಲು ಹಿರಿಯ ಹುಡುಗ ನೋಡಬೇಕು. ಆಮೇಲೆ ಅದು ಕೈಯಿಂದ ಕೈಗೆ ದಾಟಿ ಮತ್ತೆ ಅವನ ಬಳಿಗೇ ಬರಬೇಕು. ಅಲ್ಲಿಯವರೆಗೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಹಿರಿಯ ಹುಡುಗ ಹೆಚ್ಚು ಬೆಲೆ ಕೊಟ್ಟು ಕೊಂಡರೆ ನಷ್ಟ ಅವನದೇ. ಸಂಜೆಗೆ ಕಲ್ಲುಗಳನ್ನು ತೂಕ, ನಿರ್ಮಲತೆ ಮತ್ತು 'ನೀರು', ಅಂದರೆ ಬಣ್ಣದ ಛಾಯೆಗೆ ಅನುಸಾರವಾಗಿ ವಿಂಗಡಿಸುತ್ತಿದ್ದರು. ಬಳಿಕ ಅವುಗಳನ್ನು ದೊಡ್ಡ ವ್ಯಾಪಾರಿಗಳಿಗೆ ಮಾರಿ ಲಾಭ ಹಂಚಿಕೊಳ್ಳುತ್ತಿದ್ದರು.

ಪರೀಕ್ಷೆಯ ಕ್ರಮಗಳೂ ಇದ್ದವು. ರಾತ್ರಿ ಗೋಡೆಯ ಗೂಡಿನಲ್ಲಿ ದಪ್ಪ ಬತ್ತಿಯ ದೀಪವಿಟ್ಟು, ಕಲ್ಲನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಿದ್ದರು. ನೀಲಿ ಛಾಯೆಯ ಸಂದೇಹವಿದ್ದರೆ ಎಲೆ ದಟ್ಟವಾದ ಮರದ ಹಸುರು ನೆರಳಿನಲ್ಲಿ ಹಿಡಿದು ನೋಡುತ್ತಿದ್ದರು. ದೊಡ್ಡವರ ಚೌಕಾಸಿ ಮಾತ್ರ ಬಟ್ಟೆಯ ಮರೆಯಲ್ಲಿ, ಕೈಸನ್ನೆಯಿಂದ. ಇಡೀ ಕೈ ಒತ್ತಿದರೆ ಸಾವಿರ, ಒಂದು ಬೆರಳಿಗೆ ನೂರು, ಅರ್ಧ ಬೆರಳಿಗೆ ಐವತ್ತು, ಬೆರಳ ತುದಿಗೆ ಹತ್ತು. ಪಕ್ಕದಲ್ಲಿದ್ದವನಿಗೂ ಬೆಲೆ ತಿಳಿಯುತ್ತಿರಲಿಲ್ಲ.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ನೆಲ ಅಗೆದು ವಜ್ರ ತೆಗೆಯುತ್ತಿದ್ದ ಕೂಲಿಕಾರನಿಗೆ ಸಿಗುತ್ತಿದ್ದದ್ದು ವರ್ಷಕ್ಕೆ 3 ವರಹ ಮಾತ್ರ. ಹುಡುಗನೊಬ್ಬನ ಸೊಂಟದಲ್ಲಿದ್ದ 600 ವರಹ ಆ ಕೂಲಿಕಾರನ ಇನ್ನೂರು ವರ್ಷಗಳ ಸಂಬಳ! ಬೆಲೆಯನ್ನು ಬಲ್ಲವನು ಗಳಿಸಿದ, ಬೆವರು ಸುರಿಸಿದವನು ಬಡವನಾಗಿಯೇ ಉಳಿದ.

ಇಂದು ಮನೆಯಲ್ಲಿ ಮದುವೆ ನಿಶ್ಚಯವಾಗಿ ವಜ್ರದುಂಗುರ ಕೊಳ್ಳಲು ಹೊರಟಾಗ ನಮಗೆ ಬೇಕಾದದ್ದು ಆ ಹುಡುಗರ ಎಚ್ಚರ. ಮೊದಲು 'ಕ್ಯಾರಟ್' ಎಂಬ ಮಾತಿನ ಗೊಂದಲ ಬಿಡಿಸಿಕೊಳ್ಳಬೇಕು. ಚಿನ್ನದಲ್ಲಿ ಅದು ಶುದ್ಧತೆಯ ಅಳತೆ. 18 ಕ್ಯಾರಟ್ ಎಂದರೆ ನೂರಕ್ಕೆ 75 ಪಾಲು ಚಿನ್ನ, ಅದರ ಗುರುತು 750. ಹಾಲ್‌ಮಾರ್ಕ್ ಜೊತೆಗೆ ಆರು ಅಕ್ಷರ-ಅಂಕಿಗಳ ಸಂಕೇತವಿರಬೇಕೆಂಬ ನಿಯಮ 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿತು. ವಜ್ರದಲ್ಲಿ ಕ್ಯಾರಟ್ ಎಂದರೆ ತೂಕ. ಒಂದು ಕ್ಯಾರಟ್ 200 ಮಿಲಿಗ್ರಾಂ, ಅದರ ನೂರನೆಯ ಒಂದು ಪಾಲು ಒಂದು ಸೆಂಟ್. ಹೀಗಾಗಿ 30 ಸೆಂಟ್ ಕಲ್ಲಿನ ತೂಕ 60 ಮಿಲಿಗ್ರಾಂ ಮಾತ್ರ. ತೂಕ ಒಂದೇ ಇದ್ದರೂ ಬಣ್ಣ, ನಿರ್ಮಲತೆ ಮತ್ತು ಸಾಣೆಯ ಕೆಲಸಕ್ಕೆ ತಕ್ಕಂತೆ ಬೆಲೆ ಬಹಳ ಬದಲಾಗುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ವಜ್ರ ತಯಾರಿಸಿದರು. ಇಂದು ಅಂಥ ವಜ್ರಗಳು ಅಂಗಡಿಗಳಲ್ಲಿ ಸಿಗುತ್ತವೆ. ಅವೂ ಇಂಗಾಲದ ನಿಜವಾದ ವಜ್ರಗಳೇ. ಆದರೆ ಬೆಲೆ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ. ಬರಿಗಣ್ಣಿಗೆ ಇವೆರಡರ ವ್ಯತ್ಯಾಸ ಗೊತ್ತಾಗದು. ಆದ್ದರಿಂದ ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಬಟ್ಟೆಯ ಮರೆಯ ಲೆಕ್ಕ ನಮಗೆ ಬೇಡ. ಚಿನ್ನ, ಕಲ್ಲು, ಮಜೂರಿ, ತೆರಿಗೆ ಇವು ರಸೀದಿಯಲ್ಲಿ ಬೇರೆ ಬೇರೆಯಾಗಿ ಬರೆದಿರಬೇಕು.

ಕೊನೆಯದಾಗಿ ಒಂದು ಪ್ರಶ್ನೆ ಕೇಳಲೇಬೇಕು: "ನಾಳೆ ಇದನ್ನು ಹಿಂದಿರುಗಿಸಿದರೆ ಎಷ್ಟು ಕೊಡುತ್ತೀರಿ?" ಮಜೂರಿ ಮತ್ತು ತೆರಿಗೆ ಸಾಮಾನ್ಯವಾಗಿ ಮರಳಿ ಬರುವುದಿಲ್ಲ, ಕಲ್ಲಿಗೂ ಕೊಟ್ಟಷ್ಟು ಬೆಲೆ ಸಿಗುವುದು ಅಪರೂಪ. ಮರದಡಿಯ ಹುಡುಗರು ಮಾರುವ ಬೆಲೆಯನ್ನು ಅಂದಾಜು ಮಾಡದೆ ಕೊಳ್ಳುತ್ತಿರಲಿಲ್ಲ. ಪ್ರೀತಿಗಾಗಿ ಉಂಗುರ ಕೊಳ್ಳುವುದು ತಪ್ಪಲ್ಲ. ಆದರೆ ಅದನ್ನು ಉಳಿತಾಯವೆಂದು ನಂಬಿ ಸಾಲ ಮಾಡಿದರೆ ಉಂಗುರ ಒಬ್ಬರ ಬೆರಳಲ್ಲಿ ಹೊಳೆಯುತ್ತದೆ, ಸಾಲದ ಭಾರ ಮನೆಮಂದಿಯ ಮೇಲೆಲ್ಲ ಬೀಳುತ್ತದೆ. ಕೊಳ್ಳುವ ಮುನ್ನ ಆ ಹುಡುಗರಂತೆ ಒಂದಿಷ್ಟು ಹೊತ್ತು ಸುಮ್ಮನೆ ಕುಳಿತು, ಕಲ್ಲನ್ನು ತಿರುಗಿಸಿ ನೋಡಿ, ಲೆಕ್ಕ ಹಾಕುವುದು ಲೇಸು.