ಕೂತು ಕುಡಿದ ಕಾಫಿ

ನಮ್ಮಮ್ಮನಿಗೆ ಈಗ ಎಂಬತ್ತೊಂದು. ಚಿಕ್ಕಮಗಳೂರು ಜಿಲ್ಲೆಯ ಒಂದು ಮೂಲೆಯಲ್ಲಿ, ನಾಲ್ಕು ಎಕರೆ ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದವಳು. ಸುಗ್ಗಿ ಬಂತೆಂದರೆ ಹಣ್ಣು ಕೊಯ್ಯುವವರಿಗೆ ಅಡುಗೆ, ಸಂಜೆ ಅಳತೆ, ಬೆಳಿಗ್ಗೆ ಕಣದಲ್ಲಿ ಹರಡುವುದು, ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚುವುದು... ಐವತ್ತು ವರ್ಷಗಳಲ್ಲಿ ಅವಳ ಕೈಮೇಲೆ ಎಷ್ಟು ಮೂಟೆ ಕಾಫಿ ದಾಟಿ ಹೋಯಿತೋ ಲೆಕ್ಕ ಇಟ್ಟವರಿಲ್ಲ. ಆದರೆ ಇನ್ನೊಂದು ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಕಳೆದ ಏಪ್ರಿಲ್‌ವರೆಗೆ ಅವಳು ಒಂದು ಹೋಟೆಲಿನಲ್ಲಿ ಎಲ್ಲರ ನಡುವೆ ಕೂತು, ತನಗೆ ಬೇಕಾದ್ದನ್ನು ತಾನೇ ಹೇಳಿ, ಒಂದು ಕಾಫಿ ಕುಡಿದದ್ದೇ ಇರಲಿಲ್ಲ.

ಜಾತ್ರೆಗೋ ಆಸ್ಪತ್ರೆಗೋ ಪೇಟೆಗೆ ಹೋದಾಗ ಅಪ್ಪ ಹೋಟೆಲಿಗೆ ಹೋಗಿ ಕುಡಿದು, ಅಮ್ಮನಿಗೆ ಬಸ್ಸಿನ ಕಿಟಕಿಗೇ ಲೋಟ ತಂದುಕೊಡುತ್ತಿದ್ದರು. ಕಂಡಕ್ಟರ್ ಸೀಟಿ ಊದುವುದರೊಳಗೆ ಮುಗಿಸಬೇಕು. ಅಮ್ಮ ಊದಿ ಊದಿ ಕುಡಿದು, ನಾಲಗೆ ಸುಟ್ಟುಕೊಂಡು, ಲೋಟ ಹಿಂದಕ್ಕೆ ಕೊಡುತ್ತಿದ್ದ ಚಿತ್ರ ನನ್ನ ಕಣ್ಣಿನಲ್ಲಿ ಹಾಗೇ ಇದೆ.

ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಶಾಲೆಗೆ ರಜೆ ಬಂದಾಗ ಅಮ್ಮನನ್ನು ಕರೆದುಕೊಂಡು ಅವಳ ಮನೆಗೆ ಹೋಗಿದ್ದೆ. ‘ಅಜ್ಜಿಗೆ ಎಂ.ಜಿ. ರೋಡ್ ತೋರಿಸಿ, ಐಸ್‌ಕ್ರೀಮ್ ತಿನ್ನಿಸಿಕೊಂಡು ಬರೋಣ’ ಎಂದು ಮಗಳು ಮೆಟ್ರೋ ಹತ್ತಿಸಿಯೇಬಿಟ್ಟಳು. ನಾನು ಇತಿಹಾಸ ಹೇಳಿಕೊಡುವ ಮೇಷ್ಟ್ರಮ್ಮ. ದಾರಿಯುದ್ದಕ್ಕೂ ನನ್ನ ಬಾಯಿ ಸುಮ್ಮನಿರಲಿಲ್ಲ.

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ಸೈನ್ಯದ ಠಾಣ್ಯ ಹೂಡಿದರಲ್ಲ, ಆ ಕಡೆಯನ್ನು ಜನ ‘ದಂಡು’ ಎಂದು ಕರೆದರು. ಇತ್ತ ಪೇಟೆ, ಅತ್ತ ದಂಡು, ನಡುವೆ ಕಬ್ಬನ್ ಪಾರ್ಕು. 1949ರಲ್ಲಿ ಒಂದಾಗುವವರೆಗೆ ಎರಡಕ್ಕೂ ಬೇರೆ ಬೇರೆ ಪುರಸಭೆ. ಕವಾಯತು ಮೈದಾನದ ದಕ್ಷಿಣದ ಅಂಚಿನಲ್ಲಿದ್ದ ರಸ್ತೆಗೆ ಸೌತ್ ಪರೇಡ್ ಎಂದು ಹೆಸರು. 1948ರಲ್ಲಿ ಅದು ಮಹಾತ್ಮಾ ಗಾಂಧಿ ರಸ್ತೆಯಾಯಿತು.

ಪೇಟೆಯ ಕಡೆ ಆಗ ಕಾಫಿ ಕ್ಲಬ್ಬುಗಳಿದ್ದವು. ಅಲ್ಲಿ ಯಾರು ಕೂರಬಹುದು ಎಂಬುದನ್ನು ಕೆಲವು ಬೋರ್ಡುಗಳೇ ಹೇಳುತ್ತಿದ್ದವು. 1924ರಲ್ಲಿ ಆರಂಭವಾದ ಇಂದಿನ ಎಂ.ಟಿ.ಆರ್.ನ ಮೊದಲ ಹೆಸರೇ ‘ಬ್ರಾಹ್ಮಣ ಕಾಫಿ ಕ್ಲಬ್’. ಜಾತಿಗೊಂದು ಗೆರೆಯಾದರೆ ಹೆಂಗಸಿಗೆ ಇನ್ನೊಂದು ಗೆರೆ. ನಾವೆಲ್ಲ ಕಂಡ ‘ಫ್ಯಾಮಿಲಿ ರೂಮ್’ ಅದೇ ಗೆರೆಯ ಉಳಿಕೆ. ಮಾಸಿದ ಪರದೆ, ಓಡದ ಫ್ಯಾನು, ಮಾಣಿ ಬರುವ ಹೊತ್ತಿಗೆ ಹಸಿವೇ ಹೋಗಿರುತ್ತಿತ್ತು! ಗಂಡಸರ ಜೊತೆ ಬಂದರೆ ಆ ಕೋಣೆ; ಒಬ್ಬಳೇ ಬಂದರೆ ಅದೂ ಇಲ್ಲ.

ದಂಡಿನ ಕಡೆ ಗೆರೆ ಬೇರೆ ರೀತಿಯದು. ಬಣ್ಣದ್ದು, ಜೇಬಿನದ್ದು. ಆದರೆ ಒಂದು ಸಂಗತಿ ಗಮನಿಸಿ. 1930ರಲ್ಲಿ ಆ ಪ್ರದೇಶದಲ್ಲಿ ಲೇಕ್‌ವ್ಯೂ ಮಿಲ್ಕ್ ಬಾರ್ ಶುರುವಾಯಿತು. 1936ರಲ್ಲಿ ನೀಲಗಿರೀಸ್ ಬ್ರಿಗೇಡ್ ರಸ್ತೆಗೆ ಬಂತು. 1940ರಲ್ಲಿ ಪಿ.ಒ. ಕೋಶಿಯವರು ಒಂದು ಬೇಕರಿ ತೆರೆದರು. ಸೇಂಟ್ ಮಾರ್ಕ್ಸ್ ರಸ್ತೆಯ ಪ್ರಸಿದ್ಧ ಕೋಶೀಸ್ ಬೆಳೆದದ್ದು ಅದರಿಂದಲೇ. ಹಾಲು, ಬೆಣ್ಣೆ, ಕೇಕು, ಐಸ್‌ಕ್ರೀಮು. ಎಲ್ಲವೂ ಮನೆಯ, ಮಕ್ಕಳ, ಹೆಂಗಸರ ಪದಾರ್ಥಗಳೆಂದು ಹೆಸರಾದವು.

ಲಂಡನ್ನಿನಲ್ಲೂ ಹೀಗೇ ಆಗಿತ್ತು. ಅಲ್ಲಿಯ ಕಾಫಿ ಮನೆಗಳು ಗಂಡಸರ ರಾಜಕೀಯ, ವ್ಯಾಪಾರ, ಹರಟೆಯ ಕಟ್ಟೆಗಳು. ಗಂಡಂದಿರು ಹಗಲೆಲ್ಲ ಅಲ್ಲಿ ಕೂತು ಕೆಲಸಕ್ಕೆ ಬಾರದವರಾದರೆಂದು 1674ರಲ್ಲಿ ಹೆಂಗಸರ ಹೆಸರಿನಲ್ಲಿ ಒಂದು ಕರಪತ್ರವೇ ಅಚ್ಚಾಯಿತು. ಹೆಣ್ಣು ಗಂಡಸಿನ ಜೊತೆಯಿಲ್ಲದೆ ಬಂದು ಮರ್ಯಾದೆಯಿಂದ ಕೂರಲು ಜಾಗ ಕೊಟ್ಟದ್ದು ಕಾಫಿ ಮನೆಯಲ್ಲ, ಸುಮಾರು ಇನ್ನೂರು ವರ್ಷದ ನಂತರ ಬಂದ ಟೀ ಅಂಗಡಿಗಳು. 1864ರಲ್ಲಿ ಬ್ರೆಡ್ ಮಾಡುವ ಕಂಪನಿಯೊಂದು, 1894ರಲ್ಲಿ ಲಯನ್ಸ್ ಎಂಬ ಸಂಸ್ಥೆ ಟೀ, ಬನ್ನು, ಕೇಕಿನ ಅಂಗಡಿ ತೆರೆದವು. ಸಿಹಿ ತಿನ್ನುವ ಹೆಣ್ಣಿಗೆ ಯಾರೂ ಹೆದರುವುದಿಲ್ಲ ನೋಡಿ! ಹರಟೆಗೆ ಕೂರುವ ಹೆಣ್ಣಿಗೆ ಹೆದರುತ್ತಾರೆ.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. 1990ರಲ್ಲಿ ನಾನು ಬೆಂಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಪರೀಕ್ಷೆ ಮುಗಿದ ದಿನ ಗೆಳತಿಯೂ ನಾನೂ ಕಾಫಿಗೆಂದು ಒಂದು ಹೋಟೆಲಿಗೆ ಹೋದೆವು. ಗಲ್ಲಾದಲ್ಲಿದ್ದವರು ತಲೆಯೆತ್ತಿ, ‘ಜೊತೆಗೆ ಯಾರೂ ಇಲ್ಲವೇನಮ್ಮ?’ ಎಂದರು. ನಾವು ಇಬ್ಬರಿದ್ದೆವು. ಆದರೂ ‘ಯಾರೂ’ ಇರಲಿಲ್ಲ! ‘ಫ್ಯಾಮಿಲಿ ರೂಮ್ ಖಾಲಿಯಿಲ್ಲ, ಆಮೇಲೆ ಬನ್ನಿ’ ಎಂದರು. ಹೊರಗಿನ ಅರ್ಧ ಮೇಜುಗಳು ಖಾಲಿ ಇದ್ದವು. ಮುಖ ಕೆಂಪಾಗಿ ಹೊರಬಂದು, ಸಿಟ್ಟಿನಲ್ಲೇ ನಡೆದು, ರೆಸಿಡೆನ್ಸಿ ರಸ್ತೆಯ ಕಾರ್ನರ್ ಹೌಸ್ ಹೊಕ್ಕೆವು. 1982ರಲ್ಲಿ ಆರಂಭವಾದ ಐಸ್‌ಕ್ರೀಮ್ ಅಂಗಡಿ ಅದು. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಹುಡುಗಿಯರ ಗುಂಪುಗಳೇ ಇದ್ದವು. ಕಾಫಿ ಸಿಗದ ದುಃಖವನ್ನು ಐಸ್‌ಕ್ರೀಮಿನಲ್ಲಿ ತಣಿಸಿಕೊಂಡೆವು. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ನಮ್ಮ ಮನೆಯ ಕಣದಲ್ಲಿ ಒಣಗಿದ ಕಾಫಿಯನ್ನೇ ಈ ಊರಿನಲ್ಲಿ ನಾನು ಕೂತು ಕುಡಿಯುವಂತಿಲ್ಲವಲ್ಲ!

ನಿಜ ಹೇಳಬೇಕೆಂದರೆ, ಬೆಳೆದವರಿಗೂ ಆ ಕಾಫಿ ಪೂರ್ತಿ ಸ್ವಂತದ್ದಾಗಿರಲಿಲ್ಲ. 1930ರ ದಶಕದಲ್ಲಿ ಬೆಲೆ ಕುಸಿದಾಗ ನಮ್ಮ ದೇಶದವರಿಗೇ ಕಾಫಿ ರುಚಿ ಹತ್ತಿಸಲೆಂದು ಕಾಫಿ ಹೌಸುಗಳು ಬಂದವು. ಮೊದಲನೆಯದು 1936ರಲ್ಲಿ ಮುಂಬಯಿಯಲ್ಲಿ. ಮುಂದೆ ಅವು ಕಾಫಿ ಮಂಡಳಿಯ ಕೈಗೆ ಬಂದವು. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರ ಮನೆಖರ್ಚಿಗೂ ಬಿತ್ತನೆಗೂ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಮಂಡಳಿಗೇ ಒಪ್ಪಿಸಬೇಕು; ಹಣ ಕಂತುಕಂತಾಗಿ ಬರುತ್ತಿತ್ತು. ‘ಕಾಫಿ ಬೋರ್ಡಿನ ಕಂತು ಬಂದಮೇಲೆ’ ಎಂಬ ಮಾತಿಗೆ ಕಾದೇ ನಮ್ಮ ಬಳೆ, ಪುಸ್ತಕ, ಲಂಗ ಎಲ್ಲ ಬರುತ್ತಿದ್ದವು.

1950ರ ದಶಕದಲ್ಲಿ ಮಂಡಳಿ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಕೆಲಸ ಕಳೆದುಕೊಂಡವರು ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲೇ. ಅದರ ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಜಾಗ ಬಿಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋಯಿತು.

ಮಂಡಳಿಯ ಹಿಡಿತ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಿ, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅದೇ ವರ್ಷ ನಮ್ಮ ಜಿಲ್ಲೆಯವರೇ ಆದ ವಿ.ಜಿ. ಸಿದ್ಧಾರ್ಥ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಕಾಫಿ ಕುಡಿಯುತ್ತಾ ಇಂಟರ್ನೆಟ್ ನೋಡುವ ಜಾಗ. ದುಡ್ಡಿದ್ದರೆ ಗಂಡೋ ಹೆಣ್ಣೋ ಕೇಳುವವರಿಲ್ಲ. ಗೆರೆ ಅಳಿಸಿತೆನ್ನಲೇ? ಜೇಬಿನ ಗೆರೆ ಹಾಗೇ ಉಳಿಯಿತು. ಚರ್ಚ್ ಸ್ಟ್ರೀಟಿನ ಗಾಜಿನ ಬಾಗಿಲುಗಳ ಹೊರಗೆ ಹೂ ಮಾರುತ್ತಿದ್ದ ಹೆಂಗಸು ಒಳಗಿನ ಯಾವ ಕುರ್ಚಿಯಲ್ಲೂ ಕೂತಿರಲಾರಳು ಎಂದು ಅಂದು ನನಗನ್ನಿಸಿತು.

ಮಗಳು ಮೊದಲು ಐಸ್‌ಕ್ರೀಮಿಗೇ ಕರೆದೊಯ್ದಳು. ‘ಡೆತ್ ಬೈ ಚಾಕೊಲೇಟ್’ ಎಂಬ ಹೆಸರಿನ ಅರ್ಥ ಹೇಳಿದಾಗ ಅಮ್ಮ, ‘ಅಯ್ಯೋ, ತಿನ್ನೋ ಪದಾರ್ಥಕ್ಕೆ ಸಾವಿನ ಹೆಸರಿಡ್ತಾರೇನೇ? ಬಿಡ್ತು ಅನ್ನು!’ ಎಂದಳು. ಎಂದವಳೇ ಮುಕ್ಕಾಲು ಭಾಗ ಮುಗಿಸಿದಳು. ಆಮೇಲೆ ಮೆಲ್ಲಗೆ, ‘ಬಾಯೆಲ್ಲ ಸೀ ಆಯ್ತು. ಒಂದು ಕಾಫಿ ಸಿಗ್ತದಾ?’

ಚರ್ಚ್ ಸ್ಟ್ರೀಟಿನ ಕಾಫಿ ಹೌಸಿಗೆ ಹೋದೆವು. ಬಿಳಿ ಸಮವಸ್ತ್ರದವರು ಬಂದು ನಿಂತರು. ಅಮ್ಮ ಅಭ್ಯಾಸದಂತೆ ನನ್ನ ಮುಖ ನೋಡಿದಳು. ‘ನೀನೇ ಹೇಳಮ್ಮ’ ಎಂದೆ. ಸೆರಗು ಸರಿಮಾಡಿಕೊಂಡು, ‘ಒಂದು ಕಾಫಿ. ಸಕ್ಕರೆ ಕಮ್ಮಿ’ ಎಂದಳು. ಅಷ್ಟೇ. ಸುತ್ತಲಿನ ಯಾರೂ ತಿರುಗಿಯೂ ನೋಡಲಿಲ್ಲ. ಯಾರೂ ನೋಡದಿರುವಷ್ಟು ಸಾಮಾನ್ಯ ಸಂಗತಿಯಾಗಲು ಎಷ್ಟು ವರ್ಷ ಹಿಡಿಯಿತು!

ಕಾಫಿ ಬಂತು. ಅಮ್ಮ ಮೂಸಿ ನೋಡಿ, ‘ಪರವಾಗಿಲ್ಲ, ಹುರಿದದ್ದು ಸ್ವಲ್ಪ ಜಾಸ್ತಿ’ ಎಂದು ತೀರ್ಪು ಕೊಟ್ಟಳು. ಒಂದು ಗುಟುಕು ಕುಡಿದು ಇಟ್ಟು, ಕಿಟಕಿಯಾಚೆ ನೋಡುತ್ತಾ ಕೂತಳು. ಮಗಳು, ‘ಆರಿಹೋಗ್ತದೆ ಅಜ್ಜಿ, ಕುಡೀರಿ’ ಎಂದಳು.

‘ಇರು ಮಗಾ, ಬಸ್ಸೇನೂ ಹೊರಟಿಲ್ಲವಲ್ಲ. ನಿಧಾನಕ್ಕೆ ಕುಡೀತೀನಿ.’