ಒಂದು ಸೆಂಟಿನ ಪೇಪರ್, ಮೂರು ಸಾಲಿನ ಜಾಹೀರಾತು

ಗೆಳೆಯರೇ, ಹೋದ ಪೋಸ್ಟಿನಲ್ಲಿ ಹಿಕಿಯ ಕಥೆ ಓದಿದ್ರಿ ಅಲ್ವಾ? 1780ರಲ್ಲಿ ಕಲ್ಕತ್ತಾದಲ್ಲಿ ಅವನು ಶುರು ಮಾಡಿದ ಪತ್ರಿಕೆಯ ಪೂರ್ತಿ ಹೆಸರಲ್ಲೇ 'ಅಡ್ವರ್ಟೈಸರ್' ಅನ್ನೋ ಪದ ಇತ್ತು. ಪತ್ರಿಕೆಗೂ ಜಾಹೀರಾತಿಗೂ ನಂಟು ಅಷ್ಟು ಹಳೇದು. ಆ ನಂಟು ಹೇಗೆ ಕಡೀತು ಅಂತ ನೋಡೋಕೆ ಇವತ್ತು ಅಮೆರಿಕಕ್ಕೆ ಹೋಗೋಣ.

1833, ನ್ಯೂಯಾರ್ಕ್. ಬೆಂಜಮಿನ್ ಡೇ ಎಂಬ ಮುದ್ರಕ 'ದಿ ಸನ್' ಪತ್ರಿಕೆಯನ್ನು ಒಂದು ಸೆಂಟಿಗೆ ಮಾರತೊಡಗಿದ. ಬೇರೆ ಪತ್ರಿಕೆಗಳಿಗೆ ಆರು ಸೆಂಟ್. ನಷ್ಟ ಆಗಲ್ವಾ ಅಂತೀರಾ? ಅವನ ಲೆಕ್ಕ ಬೇರೆ: ಓದುಗರಿಗೆ ಪೇಪರ್ ಮಾರು, ಜಾಹೀರಾತುದಾರರಿಗೆ ಓದುಗರನ್ನೇ ಮಾರು. ನೀವು ಇದನ್ನ ಓದ್ತಿರೋ ಆ್ಯಪ್ 'ಫ್ರೀ' ಆಗಿರೋದೂ ಇದೇ ಲೆಕ್ಕದಲ್ಲಿ!

ಆದ್ರೆ ಪತ್ರಿಕೆಗಳನ್ನ ಸಾಕಿದ್ದು ಬರೀ ದೊಡ್ಡ ಬಣ್ಣದ ಜಾಹೀರಾತುಗಳಲ್ಲ. 'ಕೆಲಸ ಖಾಲಿ ಇದೆ', 'ಮನೆ ಬಾಡಿಗೆಗಿದೆ', 'ಹಳೇ ಕಾರು ಮಾರಾಟಕ್ಕಿದೆ'... ಈ ಮೂರು ಸಾಲಿನ ಕ್ಲಾಸಿಫೈಡ್‌ಗಳೂ ಹೌದು. (ನಮ್ಮಜ್ಜ ಭಾನುವಾರ ಮುಖಪುಟ ಬಿಟ್ಟು ಮೊದಲು ಆ ಪುಟವನ್ನೇ ತೆಗೀತಿದ್ರು. ಏನೂ ಕೊಳ್ತಿರಲಿಲ್ಲ, ಸುಮ್ನೆ ಓದೋದು.) 2000ನೇ ಇಸವಿಯಲ್ಲಿ ಅಮೆರಿಕದ ಪತ್ರಿಕೆಗಳು ಇವುಗಳಿಂದಲೇ ಸುಮಾರು 2,000 ಕೋಟಿ ಡಾಲರ್ ಗಳಿಸಿದ್ದವು. ನಗರಸಭೆಯ ಮೀಟಿಂಗಲ್ಲಿ ಮೂರು ಗಂಟೆ ಕೂತು ಟಿಪ್ಪಣಿ ಮಾಡ್ಕೊಂಡು ಬರೋ ವರದಿಗಾರನ ಸಂಬಳದಲ್ಲಿ ದೊಡ್ಡ ಪಾಲು ಯಾರೋ ಹಳೇ ಸೋಫಾ ಮಾರಿದ್ದರಿಂದ ಬರ್ತಿತ್ತು.

1994ರ ಅಕ್ಟೋಬರ್ 27ರಂದು 'ಹಾಟ್‌ವೈರ್ಡ್' ಎಂಬ ಜಾಲತಾಣದಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಬ್ಯಾನರ್ ಕಾಣಿಸಿಕೊಂಡಿತು. ಆನ್‌ಲೈನ್ ಜಾಹೀರಾತಿನ ಚರಿತ್ರೆ ಬರೆಯೋರೆಲ್ಲ ಅಲ್ಲಿಂದಲೇ ಶುರು ಮಾಡ್ತಾರೆ. ನನ್ನ ಕೇಳಿದ್ರೆ, ಪತ್ರಿಕೆಗಳಿಗೆ ಮೊದಲ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರೇಗ್ ನ್ಯೂಮಾರ್ಕ್ ಗೆಳೆಯರಿಗೆ ಊರಿನ ಕಾರ್ಯಕ್ರಮಗಳ ಪಟ್ಟಿಯನ್ನು ಇಮೇಲ್ ಮಾಡೋಕೆ ಶುರು ಮಾಡಿದ. ಅದೇ ಬೆಳೆದು ಕ್ರೇಗ್ಸ್‌ಲಿಸ್ಟ್ ಆಯ್ತು. ಬಣ್ಣ ಇಲ್ಲ, ಚಿತ್ರ ಇಲ್ಲ, ನೋಡೋಕೆ ಬರೀ ನೀಲಿ ಅಕ್ಷರ. ಆದರೆ ಹೆಚ್ಚಿನ ಜಾಹೀರಾತು ಪುಕ್ಕಟೆ! ಪುಕ್ಕಟೆ ಜೊತೆ ಯಾರು ಪೈಪೋಟಿ ಮಾಡ್ತಾರೆ ಹೇಳಿ?

ಉಳಿದದ್ದನ್ನ ಗೂಗಲ್ ನೋಡ್ಕೊಂಡ್ತು. 2000ದಲ್ಲಿ ಆ್ಯಡ್‌ವರ್ಡ್ಸ್ ಬಂತು. 2002ರಿಂದ ಕ್ಲಿಕ್ ಆದ್ರೆ ಮಾತ್ರ ದುಡ್ಡು, ದರ ಹರಾಜಿನಲ್ಲಿ. ಪೇಪರಲ್ಲಿ ಜಾಹೀರಾತು ಕೊಟ್ಟ ಅಂಗಡಿಯವನಿಗೆ ಅದನ್ನ ಎಷ್ಟು ಜನ ನೋಡಿದ್ರು ಅಂತ ಗೊತ್ತಾಗ್ತಿರಲಿಲ್ಲ. ಇಲ್ಲಿ ಒಂದೊಂದು ಕ್ಲಿಕ್ಕಿಗೂ ಲೆಕ್ಕ.

ಡೆನ್ವರ್ ನಗರದ 'ರಾಕಿ ಮೌಂಟನ್ ನ್ಯೂಸ್' 1859ರಲ್ಲಿ ಹುಟ್ಟಿದ ಪತ್ರಿಕೆ. ಅದರ ಕೊನೆ ಸಂಚಿಕೆ ಬಂದದ್ದು 2009ರ ಫೆಬ್ರವರಿ 27ಕ್ಕೆ. 150ನೇ ಹುಟ್ಟುಹಬ್ಬಕ್ಕೆ ಎರಡು ತಿಂಗಳೂ ಇರಲಿಲ್ಲ. ಆರ್ಥಿಕ ಕುಸಿತವೂ ಸೇರಿಕೊಂಡಿತ್ತು, ನಿಜ. ಆದರೆ ಕುಸಿತ ಮುಗಿದ ಮೇಲೂ ಜಾಹೀರಾತು ವಾಪಸ್ ಬರಲಿಲ್ಲ. 2008ರಲ್ಲಿ ಅಮೆರಿಕದ ಪತ್ರಿಕೆಗಳ ಸುದ್ದಿಮನೆಗಳಲ್ಲಿ ಸುಮಾರು 71,000 ಜನ ಇದ್ರು. 2020ಕ್ಕೆ ಸುಮಾರು 31,000. ಜಾಹೀರಾತಿನ ದುಡ್ಡು ಗೂಗಲ್, ಫೇಸ್‌ಬುಕ್ ಕಡೆ ಹೋಯ್ತು. ನಗರಸಭೆ ಮೀಟಿಂಗಿಗೆ ಅವು ಯಾರನ್ನೂ ಕಳಿಸಲ್ಲ.

ನಿಮ್ಮ ಮನೆ ಅಟ್ಟದ ಮೇಲೆ ಹಳೇ ಕನ್ನಡ ಪೇಪರ್ ಇದ್ರೆ ಕ್ಲಾಸಿಫೈಡ್ ಪುಟದ ಫೋಟೋ ಕಳಿಸಿ. ಮುಂದಿನ ಭಾಗ ಅದರ ಮೇಲೇ ಮಾಡೋಣ.